ಹಂಚು, ಕಲ್ಲು, ಟೈಲ್ಸ್: ನಕ್ಷೆಯ ಗೆರೆಗಳನ್ನು ಕಟ್ಟಡದ ಸಂದುಗಳಿಗೆ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಕಟ್ಟಡದ ನಕ್ಷೆಯಲ್ಲಿ ಮಾಡಿನ ಮೇಲೆ ಹಂಚಿನ ಗೆರೆ ತುಂಬಿಸುವುದು ರೆವಿಟ್, ಆಟೋಕ್ಯಾಡ್‌ನಂಥ ನಕ್ಷೆ ತಂತ್ರಾಂಶಗಳಲ್ಲಿ ಒಂದೆರಡು ಕ್ಲಿಕ್‌ಗಳ ಕೆಲಸ. ಆ ಗೆರೆಗಳು ಎಲ್ಲಿಂದ ಶುರುವಾಗಬೇಕು ಎಂಬುದನ್ನು ಮಾತ್ರ ಹೆಚ್ಚಿನವರು ತಂತ್ರಾಂಶಕ್ಕೇ ಬಿಟ್ಟುಬಿಡುತ್ತಾರೆ. ಸೂರು ಯಾವುದು, ನೆತ್ತಿ ಯಾವುದು ಎಂದು ತಂತ್ರಾಂಶಕ್ಕೆ ಗೊತ್ತಿಲ್ಲ. ಅದು ತನ್ನದೇ ಒಂದು ಬಿಂದುವಿನಿಂದ ಗೆರೆ ಎಳೆಯುತ್ತದೆ. ಪರಿಣಾಮವಾಗಿ ಸೂರಿನಲ್ಲಿ ಕಾಲು ಹಂಚು, ಕಿಟಕಿಯ ತಳದಲ್ಲಿ ಅರ್ಧ ಕಲ್ಲು, ಜಗಲಿಯ ಅಂಚಿನಲ್ಲಿ ಬೆರಳಗಲದ ಟೈಲ್ಸ್ ತುಂಡು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಹೋಂಸ್ಟೇ ಮತ್ತು ತೋಟದ ಮನೆಗಳ ನಕ್ಷೆಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ದೋಷವಿದು. ಕೊಡಗಿನಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ. ಇಳಿಜಾರಿನ ಜಾಗದಲ್ಲಿ ಕಟ್ಟಿದ ಮನೆಗೆ ಮೇಲಿನ ರಸ್ತೆಯಿಂದ ಬರುವವರಿಗೆ ಮೊದಲು ಕಾಣುವುದೇ ಮಾಡು.

ಹೀಗೆ ತುಂಬಿಸುವ ಗೆರೆಗಳ ವಿನ್ಯಾಸಕ್ಕೆ ಪ್ಯಾಟರ್ನ್ ಎನ್ನುತ್ತಾರೆ. ಅದರ ಮೂಲಬಿಂದುವನ್ನು ಆರಿಸುವುದೆಂದರೆ ಮೊದಲ ಕಲ್ಲನ್ನು ಎಲ್ಲಿಡಬೇಕೆಂದು ಮೇಸ್ತ್ರಿಗೆ ಹೇಳುವುದು. ಆ ತೀರ್ಮಾನ ಆಗದೆ ಯಾವ ಕಮಾಂಡ್ ಕಲಿತರೂ ಉಪಯೋಗವಿಲ್ಲ. ಆದ್ದರಿಂದ ಮೊದಲು ಲೆಕ್ಕ, ಆಮೇಲೆ ರೆವಿಟ್ ಮತ್ತು ಆಟೋಕ್ಯಾಡ್, ಕೊನೆಯಲ್ಲಿ ಮೂರು ಆಯಾಮದ ಚಿತ್ರ ಮಾಡುವ ಸ್ಕೆಚ್‌ಅಪ್ ಬಗ್ಗೆ ಸ್ವಲ್ಪ.

ಉದಾಹರಣೆಗೆ ಒಂದು ತೋಟದ ಮನೆಯನ್ನು ಇಟ್ಟುಕೊಳ್ಳೋಣ. ಉದ್ದ 9 ಮೀಟರ್, ಎರಡು ಕಡೆಗೆ ಇಳಿಯುವ ಹಂಚಿನ ಮಾಡು, ಇಳಿಜಾರು 30 ಡಿಗ್ರಿ, ಮುಂದೆ 2.1 ಮೀಟರ್ ಅಗಲದ ಜಗಲಿ, ಗಾರೆ ಬಳಿಯದೆ ಬಿಟ್ಟ ಕಾಂಕ್ರೀಟ್ ಬ್ಲಾಕ್ ಗೋಡೆ, ಪಕ್ಕದಲ್ಲಿ ಕಾಫಿ ಒಣಗಿಸುವ ಕಣ.

ಮೊದಲ ಹೆಜ್ಜೆ: ಅಳತೆ ಪಟ್ಟಿ ಹಿಡಿಯಿರಿ

ಹಂಚಿನ ಪೂರ್ತಿ ಅಳತೆ ನಕ್ಷೆಗೆ ಬೇಡ. ಒಂದರ ಮೇಲೊಂದು ಕೂತ ಮೇಲೆ ಹೊರಗೆ ಕಾಣುವ ಅಳತೆ ಬೇಕು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅಂದಿನಿಂದ ಎಷ್ಟೋ ಕಾರ್ಖಾನೆಗಳ ಹಂಚು ಘಟ್ಟ ಹತ್ತಿ ಬಂದಿದೆ, ಒಂದರ ಅಚ್ಚು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಹಳೆಯ ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ದುರಸ್ತಿಗೆ ನಕ್ಷೆ ಮಾಡುವವರು ಇದನ್ನು ಮರೆಯಲೇಬಾರದು. ಅಂತರ್ಜಾಲದಲ್ಲಿ ಸಿಗುವ ಅಳತೆಯನ್ನು ನಂಬುವ ಬದಲು, ಬಳಸಲಿರುವ ಹಂಚುಗಳಲ್ಲಿ ಹನ್ನೊಂದನ್ನು ಅಂಗಳದಲ್ಲಿ ಒಂದಕ್ಕೊಂದು ಸಿಕ್ಕಿಸಿ ಸಾಲಾಗಿ ಇಡಿ. ಮೊದಲನೆಯದರ ಅಂಚಿನಿಂದ ಹನ್ನೊಂದನೆಯದರ ಅದೇ ಅಂಚಿನವರೆಗೆ ಅಳೆದು ಹತ್ತರಿಂದ ಭಾಗಿಸಿ. ಉದ್ದಕ್ಕೂ ಅಗಲಕ್ಕೂ ಹೀಗೆಯೇ ಮಾಡಿ. ನಮ್ಮ ಉದಾಹರಣೆಗೆ 320 × 210 ಮಿಲಿಮೀಟರ್ ಬಂತೆಂದು ಇಟ್ಟುಕೊಳ್ಳೋಣ. ಅಂದರೆ ಚದರ ಮೀಟರಿಗೆ ಸುಮಾರು 15 ಹಂಚು.

ಬ್ಲಾಕ್ ಮತ್ತು ಟೈಲ್ಸ್‌ಗೆ ಸಂದಿನ ದಪ್ಪವನ್ನೂ ಕೂಡಿಸಬೇಕು. 390 × 190ರ ಬ್ಲಾಕಿಗೆ 10 ಮಿಲಿಮೀಟರ್ ಗಾರೆ ಸೇರಿದರೆ 400 × 200. 600ರ ಟೈಲ್ಸ್‌ಗೆ 3 ಮಿಲಿಮೀಟರ್ ಸಂದು ಬಿಡುವುದಾದರೆ ಪ್ಯಾಟರ್ನ್ 603ರದ್ದು. ಮೂರು ಮಿಲಿಮೀಟರ್ ಏನು ಮಹಾ ಎನ್ನಬೇಡಿ. 9 ಮೀಟರ್ ಜಗಲಿಗೆ 600ರ ಲೆಕ್ಕದಲ್ಲಿ ಸರಿಯಾಗಿ 15 ಟೈಲ್ಸ್ ಕೂರುತ್ತದೆ ಎಂದು ನಕ್ಷೆ ಹೇಳುತ್ತದೆ. ಸಂದು ಸೇರಿಸಿದರೆ 14 ಇಡೀ ಟೈಲ್ಸ್ 8442 ಮಿಲಿಮೀಟರ್ ನುಂಗುತ್ತದೆ, ಹದಿನೈದನೆಯದನ್ನು 558ಕ್ಕೆ ಕತ್ತರಿಸಬೇಕಾಗುತ್ತದೆ. ಪ್ರವೇಶದ್ವಾರದ ಎದುರಿಗೇ ಆ ಕತ್ತರಿಸಿದ ತುಂಡು ಬಂದು ಕೂತಾಗ ಬೈಗುಳ ಮೇಸ್ತ್ರಿಗೆ ಸಿಗುತ್ತದೆ, ನಕ್ಷೆ ಮಾಡಿದವರಿಗಲ್ಲ.

ಎರಡನೆಯ ಹೆಜ್ಜೆ: ಮೂಲಬಿಂದುವನ್ನು ತೀರ್ಮಾನಿಸಿ

ಗೋಡೆಯಿಂದ ಶುರು ಮಾಡೋಣ, ಏಕೆಂದರೆ ಪ್ಯಾಟರ್ನ್ ಸರಿಸುವುದರ ಲಾಭ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕಿಟಕಿಯ ತಳ ನೆಲದಿಂದ 900 ಮಿಲಿಮೀಟರ್, ಲಿಂಟಲ್ ತಳ 2100. ವರಸೆಯ, ಅಂದರೆ ಬ್ಲಾಕಿನ ಒಂದು ಸಾಲಿನ, ಎತ್ತರ 200. ಸಿದ್ಧನೆಲದ (ಟೈಲ್ಸ್ ಹಾಸಿ ಮುಗಿಸಿದ ನೆಲ) ಮಟ್ಟದಿಂದ ಎಣಿಸಿದರೆ ಕಿಟಕಿಯ ತಳ ನಾಲ್ಕೂವರೆ ವರಸೆಗೆ, ಲಿಂಟಲ್ ಹತ್ತೂವರೆ ವರಸೆಗೆ ಬರುತ್ತದೆ. ಎರಡೂ ಕಡೆ ಬ್ಲಾಕನ್ನು ಅಡ್ಡಲಾಗಿ ಸೀಳಬೇಕು. ಇನ್ನು ಪ್ಯಾಟರ್ನ್‌ನ ಮೂಲವನ್ನು ಸಿದ್ಧನೆಲಕ್ಕಿಂತ 100 ಮಿಲಿಮೀಟರ್ ಕೆಳಗೆ ಇಳಿಸಿ ನೋಡಿ: ಕಿಟಕಿಯ ತಳ ಸರಿಯಾಗಿ ಐದನೆಯ ವರಸೆಯ ಮೇಲೆ, ಲಿಂಟಲ್ ಹನ್ನೊಂದರ ಮೇಲೆ. ಪ್ಲಿಂತ್ ಮೇಲಿನ ಕಾಂಕ್ರೀಟ್ ಹಾಸು, ಅದರ ಮೇಲೆ ಗಾರೆ, ಟೈಲ್ಸ್ ಎಲ್ಲ ಸೇರಿ ನೆಲದ ದಪ್ಪ ಹೇಗೂ ಇಷ್ಟರ ಹತ್ತಿರ ಬರುವುದರಿಂದ ನಿಜದಲ್ಲೂ ಮೊದಲ ವರಸೆ ಅಲ್ಲಿಂದಲೇ ಏಳಬಹುದು. ಕೆಂಪುಕಲ್ಲಿನ ಗೋಡೆಗೂ ಇದೇ ರೀತಿ. ಆದರೆ ಆ ಕಲ್ಲಿನ ಅಳತೆ ಲಾರಿಯಿಂದ ಲಾರಿಗೆ ಬದಲಾಗುತ್ತದೆ, ಆದ್ದರಿಂದ ಕಲ್ಲು ಜಾಗಕ್ಕೆ ಬಂದು ಬೀಳುವ ತನಕ ಪ್ಯಾಟರ್ನ್ ಅಂತಿಮ ಮಾಡಬೇಡಿ.

ಜಗಲಿ 2.1 ಮೀಟರ್ ಅಗಲ. ಸಂದನ್ನು ಈಗ ಬದಿಗಿಟ್ಟರೆ ಮೂರೂವರೆ ಟೈಲ್ಸ್. ಮೂರು ದಾರಿಗಳಿವೆ. ನಡುಗೆರೆಯ ಮೇಲೆ ಸಂದು ಬರುವಂತೆ ಇಟ್ಟರೆ ಎರಡೂ ಅಂಚಿನಲ್ಲಿ 450ರ ತುಂಡು. ನಡುಗೆರೆಯ ಮೇಲೆ ಟೈಲ್ಸ್‌ನ ಮಧ್ಯ ಬಂದರೆ ಎರಡೂ ಅಂಚಿನಲ್ಲಿ 150ರ ಪಟ್ಟಿ. ಇದನ್ನು ಯಾವತ್ತೂ ಒಪ್ಪಬೇಡಿ. ಮೂರನೆಯದು ಹೊರ ಅಂಚಿನಲ್ಲಿ ಇಡೀ ಟೈಲ್ಸ್‌ನಿಂದ ಶುರು ಮಾಡಿ ಗೋಡೆಯ ಬುಡದಲ್ಲಿ 300ರ ಅರ್ಧ ತುಂಡು ಬರಿಸುವುದು. ಕೋಣೆಯಾಗಿದ್ದರೆ ನಾನು ಮೊದಲನೆಯದನ್ನು ಆರಿಸುತ್ತಿದ್ದೆ. ಕೊಡಗಿನ ಜಗಲಿಗೆ ಮೂರನೆಯದೇ ಸರಿ. ಮಳೆಯ ಎರಚಲು ಬೀಳುವುದು ಹೊರ ಅಂಚಿಗೆ, ಅಂಗಳದಿಂದ ನೋಡುವವರಿಗೆ ಕಾಣುವುದೂ ಅದೇ. ಗೋಡೆಯ ಬುಡದ ತುಂಡನ್ನು ಬೆಂಚೋ ಕುರ್ಚಿಯೋ ಮರೆಸುತ್ತದೆ.

ಮಾಡಿಗೆ ಮೂಲ ಸೂರಿನಲ್ಲೇ ಇರಬೇಕು. ಹಂಚು ಹೊದಿಸುವುದು ಕೆಳಗಿನಿಂದ ಮೇಲಕ್ಕೆ, ಮೇಲೆ ಉಳಿದ ಹೆಚ್ಚುಕಡಿಮೆಯನ್ನು ನೆತ್ತಿಯ ಹಂಚು ಮುಚ್ಚಿಕೊಳ್ಳುತ್ತದೆ. ಸೂರಿನಲ್ಲಿ ಆದದ್ದನ್ನು ಮುಚ್ಚಲು ಏನೂ ಇಲ್ಲ. ಗೋಡೆಯಾಚೆಗಿನ ಚಾಚು ಸೇರಿ ಒಂದು ಬದಿಯ ಸಮತಲ ಅಗಲ 3.6 ಮೀಟರ್ ಎಂದರೆ, 30 ಡಿಗ್ರಿಯಲ್ಲಿ ಇಳಿಜಾರಿನ ಉದ್ದ 4157 ಮಿಲಿಮೀಟರ್, ಅಂದರೆ 320ರ 13 ಸಾಲು. ಅಡ್ಡಕ್ಕೆ 9 ಮೀಟರ್ ಗೋಡೆ, ಎರಡು ಕಡೆ 600ರ ಚಾಚು, ಒಟ್ಟು 10200. ಇದನ್ನು 210ರಿಂದ ಭಾಗಿಸಿದರೆ 48.57. ಇಲ್ಲಿ ಹಂಚು ಕತ್ತರಿಸುವ ಬದಲು ಚಾಚನ್ನೇ ಬದಲಿಸಿ. 48 ಹಂಚಿಗೆ ಚಾಚು 540, 49 ಹಂಚಿಗೆ 645. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಊರಿನಲ್ಲಿ ಚಾಚು ಕಡಿಮೆ ಮಾಡುವ ಮಾತೇ ಇಲ್ಲ, 645ನ್ನೇ ತೆಗೆದುಕೊಳ್ಳಿ. ಒಂದು ಬದಿಗೆ 13 × 49 ಅಂದರೆ 637, ಎರಡೂ ಬದಿಗೆ 1274 ಹಂಚು. ಒಡೆಯುವ ಹಂಚಿನ ಲೆಕ್ಕ ಬೇರೆ.

ರೆವಿಟ್‌ನಲ್ಲಿ

ರೆವಿಟ್‌ನಲ್ಲಿ ಎರಡು ಜಾತಿಯ ಪ್ಯಾಟರ್ನ್‌ಗಳಿವೆ. ಡ್ರಾಫ್ಟಿಂಗ್ ಪ್ಯಾಟರ್ನ್ ಕಾಗದದ ಅಳತೆಗೆ ಬದ್ಧ. ಸ್ಕೇಲ್ ಬದಲಿಸಿದರೂ ಹಾಳೆಯ ಮೇಲೆ ಗೆರೆಗಳ ಅಂತರ ಬದಲಾಗುವುದಿಲ್ಲ. ಮಾಡೆಲ್ ಪ್ಯಾಟರ್ನ್ ನಿಜವಾದ ಅಳತೆಯದ್ದು, ಮೇಲ್ಮೈಗೆ ಅಂಟಿಕೊಂಡಿರುತ್ತದೆ. ಸರಿಸಲು, ತಿರುಗಿಸಲು, ಹೊಂದಿಸಲು ಬರುವುದು ಮಾಡೆಲ್ ಪ್ಯಾಟರ್ನ್ ಮಾತ್ರ. ‘ಗೆರೆ ಆಯ್ಕೆಯೇ ಆಗುತ್ತಿಲ್ಲ’ ಎಂಬ ದೂರು ಬಂದಾಗ ನಾನು ಮೊದಲು ನೋಡುವುದು ಇದನ್ನೇ, ಬಹಳ ಸಲ ಅಲ್ಲಿಗೇ ವಿಷಯ ಮುಗಿಯುತ್ತದೆ. ಸೆಕ್ಷನ್‌ನಲ್ಲಿ ಕಾಣುವ ಕಟ್ ಪ್ಯಾಟರ್ನ್‌ಗೆ ಡ್ರಾಫ್ಟಿಂಗ್ ಜಾತಿಯನ್ನು ಮಾತ್ರ ಕೊಡಬಹುದು, ಅದನ್ನು ಹೀಗೆ ಸರಿಸುವ ಪ್ರಶ್ನೆ ಬರುವುದಿಲ್ಲ.

ಪ್ಯಾಟರ್ನ್ ತಯಾರಿಸಲು ಮ್ಯಾನೇಜ್ ಟ್ಯಾಬ್‌ನ ಅಡಿಷನಲ್ ಸೆಟ್ಟಿಂಗ್ಸ್‌ನಲ್ಲಿ ಫಿಲ್ ಪ್ಯಾಟರ್ನ್ಸ್ ತೆರೆಯಿರಿ. ಮಾಡೆಲ್ ಎಂಬುದನ್ನು ಆರಿಸಿ ಹೊಸದನ್ನು ಸೃಷ್ಟಿಸಿ. ಜಗಲಿಯ ಟೈಲ್ಸ್‌ಗೂ ಸಾಲು ತಪ್ಪದೆ ನೇರವಾಗಿ ಹೊದಿಸಿದ ಹಂಚಿಗೂ ಕ್ರಾಸ್‌ಹ್ಯಾಚ್ (ಅಡ್ಡ-ಉದ್ದ ಗೆರೆಗಳ ಜಾಲ) ಸಾಕು: ಟೈಲ್ಸ್‌ಗೆ ಎರಡೂ ಅಂತರ 603, ಹಂಚಿಗೆ ಒಂದು 320, ಇನ್ನೊಂದು 210.

ಬ್ಲಾಕ್ ಗೋಡೆಯಲ್ಲಿ ಲಂಬ ಸಂದುಗಳು ವರಸೆ ಬಿಟ್ಟು ವರಸೆಗೆ ಸರಿಯುತ್ತವೆ, ಅದಕ್ಕೆ ಪ್ಯಾಟ್ ಕಡತ (ಪ್ಯಾಟರ್ನ್‌ನ ಅಳತೆ ಬರೆದಿಟ್ಟ .pat ಪಠ್ಯ ಕಡತ) ಬೇಕು. ನೋಟ್‌ಪ್ಯಾಡ್‌ನಲ್ಲೇ ಬರೆಯಬಹುದು. ಕಡತದಲ್ಲಿ ಅಳತೆಯ ಮಾನ ಮಿಲಿಮೀಟರ್ ಎಂದು ಹೇಳುವ ಯೂನಿಟ್ಸ್ ಸಾಲು, ನಕ್ಷತ್ರ ಚಿಹ್ನೆಯಿಂದ ಶುರುವಾಗುವ ಹೆಸರಿನ ಸಾಲು, ಅದರ ಕೆಳಗೆ ಟೈಪ್ ಮಾಡೆಲ್ ಎಂದು ಸಾರುವ ಸಾಲು ಇರಬೇಕು. ಯೂನಿಟ್ಸ್ ಮತ್ತು ಟೈಪ್ ಸಾಲುಗಳು ಸೆಮಿಕೋಲನ್ ಮತ್ತು ಶೇಕಡಾ ಚಿಹ್ನೆಯಿಂದ ಶುರುವಾಗುತ್ತವೆ, ಪದ ಮತ್ತು ಅದರ ಮೌಲ್ಯದ ನಡುವೆ ಸಮಚಿಹ್ನೆ ಬರುತ್ತದೆ: ;%UNITS=MM, ;%TYPE=MODEL. ಟೈಪ್ ಸಾಲು ಬಿಟ್ಟುಹೋದರೆ ರೆವಿಟ್ ಅದನ್ನು ಮಾಡೆಲ್ ಪ್ಯಾಟರ್ನ್ ಎಂದು ಸ್ವೀಕರಿಸುವುದಿಲ್ಲ. ಆಮೇಲೆ ಈ ಎರಡು ಸಾಲು:

0, 0,0, 0,200
90, 0,0, 200,200, 200,-200

ಮೊದಲ ಅಂಕಿ ಗೆರೆಯ ಕೋನ, ಮುಂದಿನ ಜೋಡಿ ಮೂಲಬಿಂದು. ಅದರ ಮುಂದಿನ ಜೋಡಿಯಲ್ಲಿ ಮೊದಲನೆಯದು ಪಕ್ಕದ ಗೆರೆ ತನ್ನ ಉದ್ದಕ್ಕೆ ಎಷ್ಟು ಸರಿಯಬೇಕೆಂಬುದು, ಎರಡನೆಯದು ಗೆರೆಗಳ ನಡುವಿನ ಅಂತರ. ಕೊನೆಯ 200 ಎಳೆಯಬೇಕಾದ ತುಂಡು, ಋಣಚಿಹ್ನೆಯ 200 ಬಿಡಬೇಕಾದ ಖಾಲಿ. ಹೀಗಾಗಿ ಒಂದು ವರಸೆಯಲ್ಲಿ ಸಂದು 0, 400, 800ಕ್ಕೆ ಬಂದರೆ ಮೇಲಿನದರಲ್ಲಿ 200, 600, 1000ಕ್ಕೆ ಬರುತ್ತದೆ. ಕೊನೆಯ ಸಾಲಿನ ನಂತರ ಎಂಟರ್ ಒತ್ತುವುದನ್ನು ಮರೆಯಬೇಡಿ. ಈ ಕಡತವನ್ನು ಫಿಲ್ ಪ್ಯಾಟರ್ನ್ ಕಿಟಕಿಯಲ್ಲಿ ಕಸ್ಟಮ್ ಆರಿಸಿ ಇಂಪೋರ್ಟ್ ಮಾಡಿ. ಮೆಟೀರಿಯಲ್ಸ್‌ನಲ್ಲಿ ಆಯಾ ವಸ್ತುವಿನ ಗ್ರಾಫಿಕ್ಸ್ ಪುಟಕ್ಕೆ ಹೋಗಿ ಸರ್ಫೇಸ್ ಪ್ಯಾಟರ್ನ್‌ನ ಫೋರ್‌ಗ್ರೌಂಡ್‌ಗೆ ಕೊಡಿ.

ಇನ್ನು ಹೊಂದಿಸುವ ಕೆಲಸ. ಗೋಡೆಯ ಎಲಿವೇಷನ್ (ಎದುರಿನಿಂದ ಕಾಣುವ ನೋಟ) ತೆರೆದು, ಸಿದ್ಧನೆಲದ ಲೆವೆಲ್‌ನಿಂದ 100 ಮಿಲಿಮೀಟರ್ ಕೆಳಗೆ ಒಂದು ರೆಫರೆನ್ಸ್ ಪ್ಲೇನ್ ಎಳೆಯಿರಿ, ಅದಕ್ಕೆ ‘ಮೊದಲ ವರಸೆ’ ಎಂದು ಹೆಸರು ಕೊಡಿ. ಅಲೈನ್ ಕಮಾಂಡ್‌ಗೆ ಎ, ಎಲ್ ಒತ್ತಿ. ಮೊದಲು ರೆಫರೆನ್ಸ್ ಪ್ಲೇನ್ ಮೇಲೆ, ಆಮೇಲೆ ಪ್ಯಾಟರ್ನ್‌ನ ಅಡ್ಡಗೆರೆಯ ಮೇಲೆ ಕ್ಲಿಕ್ ಮಾಡಿ. ಕ್ರಮ ತಿರುಗುಮುರುಗಾಗಬಾರದು: ಸ್ಥಿರವಾಗಿ ಉಳಿಯುವುದು ಮೊದಲು, ಸರಿಯಬೇಕಾದದ್ದು ಆಮೇಲೆ. ಗೆರೆಯ ಬದಲು ಇಡೀ ಗೋಡೆ ಹೊಳೆಯುತ್ತಿದ್ದರೆ ಮೌಸನ್ನು ಅಲ್ಲೇ ಇಟ್ಟು ಟ್ಯಾಬ್ ಕೀ ಒತ್ತುತ್ತಾ ಹೋಗಿ, ಗೆರೆ ಮಾತ್ರ ಹೊಳೆದಾಗ ಕ್ಲಿಕ್ ಮಾಡಿ. ನಂತರ ಲಂಬಗೆರೆಯನ್ನು ಗೋಡೆಯ ಮೂಲೆಗೆ ಇದೇ ರೀತಿ ಹೊಂದಿಸಿ. ತೋರುವ ಬೀಗದ ಚಿಹ್ನೆಯನ್ನು ಎಲ್ಲ ಕಡೆ ಒತ್ತಬೇಡಿ. ಬೀಗಗಳು ಹೆಚ್ಚಾದಷ್ಟೂ ಮುಂದೆ ಗೋಡೆ ಸರಿಸುವಾಗ ಎಚ್ಚರಿಕೆಯ ಸಂದೇಶಗಳ ಕಾಟವೂ ಹೆಚ್ಚು. ‘ಮೊದಲ ವರಸೆ’ ಪ್ಲೇನ್‌ಗೆ ಒಂದು ಬೀಗ ಸಾಕು.

ಮಾಡಿನಲ್ಲಿ ತೊಡಕು ಬೇರೆ. ಇಳಿಜಾರಿನ ಮೇಲ್ಮೈಯನ್ನು ಮೇಲಿನಿಂದ ನೋಡಿದಾಗ ಸಾಲುಗಳ ಅಂತರ ಕುಗ್ಗಿ ಕಾಣುತ್ತದೆ, ಪ್ಲಾನ್‌ನಲ್ಲಿ ಗೆರೆಗಳನ್ನು ಹಿಡಿಯುವುದು ಕಣ್ಣಿಗೆ ಶ್ರಮ. ಮೂರು ಆಯಾಮದ ನೋಟಕ್ಕೆ ಹೋಗಿ. ನೋಟ ತಿರುಗಿಸುವ ಘನವಾದ ವ್ಯೂಕ್ಯೂಬ್ ಮೇಲೆ ಬಲ ಕ್ಲಿಕ್ ಮಾಡಿ ಓರಿಯಂಟ್ ಟು ಎ ಪ್ಲೇನ್ ಮೂಲಕ ಮಾಡಿನ ಆ ಮುಖಕ್ಕೆ ನೇರವಾಗಿ ನಿಲ್ಲಬಹುದು. ಅಲ್ಲಿ ಸೂರಿನ ಅಂಚಿಗೆ ಅಡ್ಡಗೆರೆಯನ್ನು, ಪಕ್ಕದ ಚಾಚಿನ ಅಂಚಿಗೆ ಉದ್ದಗೆರೆಯನ್ನು ಅಲೈನ್ ಮಾಡಿ. ಪ್ರತಿ ಮುಖದ ಪ್ಯಾಟರ್ನ್ ಬೇರೆ ಬೇರೆ, ಒಂದನ್ನು ಹೊಂದಿಸಿದರೆ ಇನ್ನೊಂದು ತಾನಾಗಿ ಹೊಂದುವುದಿಲ್ಲ. ಮಾಡು ನಾಲ್ಕು ಕಡೆಗೆ ಇಳಿಯುವುದಾದರೆ ನಾಲ್ಕು ಸಲವೂ ಮಾಡಬೇಕು. ಆಗ ಎದುರುಬದುರಿನ ಮುಖಗಳಲ್ಲಿ ಉದ್ದಗೆರೆಯನ್ನು ನಡುಗೆರೆಯಿಂದ ಹೊಂದಿಸುವುದು ಒಳ್ಳೆಯದು. ಮೂಲೆಗಳಲ್ಲಿ ಕತ್ತರಿಸುವ ಹಂಚು ಎರಡೂ ಬದಿಗೆ ಸಮನಾಗಿ ಬರುತ್ತದೆ.

ಕಣ ಸಾಮಾನ್ಯವಾಗಿ ಗುಡ್ಡದ ಇಳಿಜಾರಿಗೆ ಒಗ್ಗಿಕೊಂಡು ಸೊಟ್ಟಗಿರುತ್ತದೆ, ಅದರ ಕಾಂಕ್ರೀಟ್ ಚೌಕಗಳು ಉತ್ತರ ದಿಕ್ಕನ್ನು ಅನುಸರಿಸಬೇಕಿಲ್ಲ. ಚೌಕ ಎಷ್ಟು ದೊಡ್ಡದೋ ಅಷ್ಟಕ್ಕೆ ಕ್ರಾಸ್‌ಹ್ಯಾಚ್ ಮಾಡಿ, ಟ್ಯಾಬ್ ಒತ್ತಿ ಒಂದು ಗೆರೆಯನ್ನು ಆಯ್ದು, ರೊಟೇಟ್‌ನಿಂದ ಅತಿ ಉದ್ದದ ತಡೆಗೋಡೆಗೆ ಸಮಾನಾಂತರವಾಗಿಸಿ. ಮೊದಲು ತಿರುಗಿಸುವುದು, ಆಮೇಲೆ ಅಲೈನ್. ಒಂದೇ ನೆಲದಲ್ಲಿ ಎರಡು ಪ್ಯಾಟರ್ನ್ ಬೇಕಾದರೆ ಸ್ಪ್ಲಿಟ್ ಫೇಸ್‌ನಿಂದ ಮೇಲ್ಮೈಯನ್ನು ಭಾಗ ಮಾಡಿ ಪೇಂಟ್‌ನಿಂದ ಬೇರೆ ವಸ್ತು ಬಳಿಯಿರಿ.

ಗೆರೆ ಹೊಂದಿತು, ಆದರೆ ರೆಂಡರ್ ಮಾಡಿದಾಗ ಹಂಚಿನ ಚಿತ್ರ ಬೇರೆಲ್ಲಿಂದಲೋ ಶುರುವಾಗುತ್ತದೆ ಎಂಬ ಸಮಸ್ಯೆ ಉಳಿಯುತ್ತದೆ. ಮೆಟೀರಿಯಲ್‌ನ ಗ್ರಾಫಿಕ್ಸ್ ಪುಟದಲ್ಲಿ ಟೆಕ್ಸ್‌ಚರ್ ಅಲೈನ್‌ಮೆಂಟ್ ಗುಂಡಿ ಇದೆ. ಅದನ್ನು ತೆರೆದು ಚಿತ್ರವನ್ನು ಗೆರೆಗಳಿಗೆ ಸರಿದೂಗಿಸಿ. ಅದಕ್ಕೂ ಮೊದಲು ಚಿತ್ರದ ಅಳತೆ ಸರಿಪಡಿಸಬೇಕು. ಚಿತ್ರದಲ್ಲಿ ಅಡ್ಡಕ್ಕೆ ನಾಲ್ಕು, ಮೇಲಕ್ಕೆ ಮೂರು ಹಂಚು ಇದ್ದರೆ ಅದರ ಅಗಲ 840, ಎತ್ತರ 960. ಅಳತೆ ತಪ್ಪಿದ್ದರೆ ಒಂದು ಮೂಲೆಯಲ್ಲಿ ಕೂಡಿದ್ದು ಇನ್ನೊಂದು ಮೂಲೆಯಲ್ಲಿ ತಪ್ಪುತ್ತದೆ, ಎಷ್ಟು ಸರಿಸಿದರೂ ಪ್ರಯೋಜನವಿಲ್ಲ.

ಆಟೋಕ್ಯಾಡ್‌ನಲ್ಲಿ

ಇಲ್ಲಿನ ಬಹುಪಾಲು ಕಚೇರಿಗಳ ಕೆಲಸ ಇನ್ನೂ ಆಟೋಕ್ಯಾಡ್‌ನ ಎರಡು ಆಯಾಮದ ನಕ್ಷೆಯಲ್ಲೇ ನಡೆಯುತ್ತದೆ. ಟೈಲ್ಸ್‌ಗೆ ಸಿದ್ಧ ಪ್ಯಾಟರ್ನ್ ಆರಿಸಿ ಸ್ಕೇಲ್ ಊಹಿಸುತ್ತಾ ಕೂರಬೇಡಿ. ಆಟೋಕ್ಯಾಡ್‌ನಲ್ಲಿ ಪ್ಯಾಟರ್ನ್ ತುಂಬಿಸುವುದಕ್ಕೆ ಹ್ಯಾಚ್ ಎನ್ನುತ್ತಾರೆ. ಹ್ಯಾಚ್ ಕಮಾಂಡ್ ಕೊಟ್ಟು ವಿಧವನ್ನು ಯೂಸರ್ ಡಿಫೈನ್ಡ್ ಮಾಡಿ, ಅಂತರ 603 ಕೊಟ್ಟು, ಡಬಲ್ ಆನ್ ಮಾಡಿ. ನಿಜ ಅಳತೆಯ ಚೌಕ ಸಿದ್ಧ. ಅನೊಟೇಟಿವ್ ಎಂಬುದನ್ನು ಆಫ್ ಇಡಿ, ಅದು ಆನ್ ಆಗಿದ್ದರೆ ಅಂತರ ಸ್ಕೇಲಿನ ಜೊತೆ ಕುಣಿಯುತ್ತದೆ.

ಹ್ಯಾಚ್ ಕ್ರಿಯೇಷನ್ ಟ್ಯಾಬ್‌ನ ಒರಿಜಿನ್ ಭಾಗದಲ್ಲಿ ಸೆಟ್ ಒರಿಜಿನ್ ಒತ್ತಿ ಜಗಲಿಯ ಹೊರ ಮೂಲೆಯನ್ನು ತೋರಿಸಿ. ಈಗಾಗಲೇ ಹಾಕಿದ ಹ್ಯಾಚ್ ಆಗಿದ್ದರೆ ಅದನ್ನು ಆಯ್ದು, ನಡುವಿನ ದುಂಡು ಗ್ರಿಪ್ ಮೇಲೆ ಮೌಸ್ ನಿಲ್ಲಿಸಿದರೆ ಬರುವ ಪಟ್ಟಿಯಲ್ಲಿ ಒರಿಜಿನ್ ಪಾಯಿಂಟ್ ಇರುತ್ತದೆ. ಜಗಲಿಯಿಂದ ಬಾಗಿಲು ದಾಟಿ ಪಡಸಾಲೆಗೆ ಸಂದು ಮುರಿಯದೆ ಹರಿಯಬೇಕಾದರೆ ಸ್ಟೋರ್ ಆ್ಯಸ್ ಡಿಫಾಲ್ಟ್ ಒರಿಜಿನ್ ಒತ್ತಿ, ಮುಂದಿನ ಹ್ಯಾಚ್‌ಗಳೆಲ್ಲ ಅದೇ ಬಿಂದುವಿನಿಂದ ಹೊರಡುತ್ತವೆ. ಮ್ಯಾಚ್ ಪ್ರಾಪರ್ಟೀಸ್‌ನಲ್ಲೂ ಎರಡು ಬಗೆ ಇವೆ: ಈಗಿನ ಒರಿಜಿನ್ ಬಳಸುವುದು, ಮೂಲ ಹ್ಯಾಚ್‌ನ ಒರಿಜಿನ್ ಬಳಸುವುದು. ಸಂದು ಕೂಡಬೇಕಾದಲ್ಲಿ ಎರಡನೆಯದು ಬೇಕು. ಓರೆಯಾದ ಭಾಗವಿದ್ದರೆ ಯುಸಿಎಸ್ (ನಕ್ಷೆಯ ಅಕ್ಷಗಳನ್ನು ಬೇಕಾದಂತೆ ಇಡುವ ವ್ಯವಸ್ಥೆ) ಕಮಾಂಡ್‌ನ ಆಬ್ಜೆಕ್ಟ್ ಆಯ್ಕೆಯಿಂದ ಆ ಗೋಡೆಯ ಗೆರೆಗೆ ಅಕ್ಷವನ್ನು ತಿರುಗಿಸಿ ಆಮೇಲೆ ಹ್ಯಾಚ್ ಮಾಡಿ. ಹ್ಯಾಚ್‌ನ ಕೋನ ಚಾಲ್ತಿಯಲ್ಲಿರುವ ಯುಸಿಎಸ್‌ನ ಎಕ್ಸ್ ಅಕ್ಷದಿಂದ ಎಣಿಕೆಯಾಗುತ್ತದೆ. ಹಲವು ಕೋಣೆಗಳನ್ನು ಒಂದೇ ಸಲ ಆಯ್ದಾಗ ಬೇರೆ ಬೇರೆ ಹ್ಯಾಚ್‌ಗಳು ಬೇಕೆಂದರೆ ಕ್ರಿಯೇಟ್ ಸೆಪರೇಟ್ ಹ್ಯಾಚಸ್ ಆನ್ ಮಾಡಿ.

ಮಾಡಿನ ಪ್ಲಾನ್‌ನಲ್ಲಿ ಒಂದು ಲೆಕ್ಕ ತಪ್ಪಬಾರದು. ಎರಡು ಆಯಾಮದ ನಕ್ಷೆಗೆ ಇಳಿಜಾರು ಗೊತ್ತಿಲ್ಲ, ಕುಗ್ಗಿಸುವ ಕೆಲಸ ನಿಮ್ಮದೇ. 320ನ್ನು ಇಳಿಜಾರು ಕೋನದ ಕೊಸೈನ್‌ನಿಂದ ಗುಣಿಸಿ. 30 ಡಿಗ್ರಿಗೆ 277, ಎರಡಕ್ಕೆ ಒಂದರ (ಅಡ್ಡಕ್ಕೆ ಎರಡು, ಮೇಲಕ್ಕೆ ಒಂದು) ಇಳಿಜಾರಿಗೆ 286. ಸೂರಿಗೆ ಸಮಾನಾಂತರವಾದ 210 ಹಾಗೆಯೇ ಉಳಿಯುತ್ತದೆ. ಎರಡು ಅಂತರ ಬೇರೆಯಾದ್ದರಿಂದ ಡಬಲ್ ಇಲ್ಲಿ ನಡೆಯದು. ಒಂದರ ಮೇಲೊಂದು ಎರಡು ಹ್ಯಾಚ್ ಹಾಕಿ, ಅಥವಾ ಮೇಲೆ ಹೇಳಿದಂತೆ ಪ್ಯಾಟ್ ಕಡತ ಬರೆಯಿರಿ:

0, 0,0, 0,277
90, 0,0, 0,210

ಆಟೋಕ್ಯಾಡ್‌ಗೆ ಕಡತದ ಹೆಸರೂ ಒಳಗಿನ ಪ್ಯಾಟರ್ನ್ ಹೆಸರೂ ಒಂದೇ ಇರಬೇಕು, ಕಡತ ಸಪೋರ್ಟ್ ಫೋಲ್ಡರ್‌ನಲ್ಲಿರಬೇಕು. ಹ್ಯಾಚ್ ಸ್ಕೇಲ್ 1. ಇಳಿಯುವ ದಿಕ್ಕು ಬದಲಾದ ಪ್ರತಿ ಮುಖಕ್ಕೂ ಕೋನ ಬದಲಿಸಿ, ಒರಿಜಿನ್ ಅನ್ನು ಆಯಾ ಸೂರಿಗೆ ಇಡಿ. ಸರಿಯಾಗಿದ್ದರೆ 3600ರ ಅಗಲದಲ್ಲಿ 13 ಸಾಲು ಎಣಿಸಲು ಸಿಗುತ್ತದೆ. ಹನ್ನೊಂದೂಕಾಲು ಸಿಕ್ಕರೆ ಕೊಸೈನ್ ಮರೆತಿದ್ದೀರಿ ಎಂದರ್ಥ.

ಸ್ಕೆಚ್‌ಅಪ್‌ನಲ್ಲಿ

ಗ್ರಾಹಕರಿಗೆ ತೋರಿಸುವ ಚಿತ್ರಕ್ಕಷ್ಟೇ ಬಳಸುವುದಾದರೂ ಒಂದೆರಡು ವಿಷಯ ತಿಳಿದಿರಲಿ. ಬಣ್ಣ ಅಥವಾ ಚಿತ್ರವನ್ನು ಗ್ರೂಪ್‌ಗೆ ಬಳಿಯಬೇಡಿ, ಗ್ರೂಪ್ ಒಳಗೆ ಹೋಗಿ ಮುಖಕ್ಕೇ ಬಳಿಯಿರಿ; ಹಾಗೆ ಮಾಡಿದರೆ ಮಾತ್ರ ಬಲ ಕ್ಲಿಕ್‌ನಲ್ಲಿ ಟೆಕ್ಸ್‌ಚರ್, ಅದರೊಳಗೆ ಪೊಸಿಷನ್ ಸಿಗುತ್ತದೆ. ನಾಲ್ಕು ಪಿನ್‌ಗಳಲ್ಲಿ ಕೆಂಪು ಸರಿಸುತ್ತದೆ, ಹಸಿರು ತಿರುಗಿಸಿ ಹಿಗ್ಗಿಸುತ್ತದೆ. ಕೆಂಪನ್ನು ಸೂರಿನ ಮೂಲೆಗೆ ತಂದು ಹಸಿರನ್ನು ಸೂರಿನ ಗುಂಟ ಎಳೆಯಿರಿ. ನೀಲಿ, ಹಳದಿ ಪಿನ್‌ಗಳು ಚಿತ್ರವನ್ನು ಓರೆಯಾಗಿಸುತ್ತವೆ, ಹಂಚಿಗೆ ಅವು ಬೇಡ.

ಮುದ್ರಿಸುವ ಮುನ್ನ

210ರ ಗೆರೆ 1:100ರಲ್ಲಿ ಕಾಗದದ ಮೇಲೆ 2.1 ಮಿಲಿಮೀಟರ್, 1:200ರಲ್ಲಿ ಒಂದು ಮಿಲಿಮೀಟರಿನ ಆಸುಪಾಸು. ಸೈಟ್ ಪ್ಲಾನ್‌ನಲ್ಲಿ ಮಾಡು ಕಪ್ಪಾಗಿ ಕಾಣುವುದು ಇದರಿಂದಲೇ. ಆ ನೋಟದಲ್ಲಿ ಪ್ಯಾಟರ್ನ್ ಆಫ್ ಮಾಡಿ, ಇಲ್ಲವೇ ಹಾಫ್‌ಟೋನ್ ಮಾಡಿ (ಗೆರೆ ಮಸುಕಾಗಿಸಿ). ಪ್ಯಾಟರ್ನ್ ಅನ್ನೇ ಹಿಗ್ಗಿಸಿ ತೆಳುವಾಗಿ ಕಾಣುವಂತೆ ಮಾಡುವವರಿದ್ದಾರೆ, ಆ ನಕ್ಷೆ ಮೇಸ್ತ್ರಿಯ ಕೈ ಸೇರಿದರೆ ಎಣಿಕೆಯೆಲ್ಲ ಬುಡಮೇಲು.

ರೆವಿಟ್‌ನಲ್ಲಿ ಮಾಡೆಲ್ ಪ್ಯಾಟರ್ನ್ ಗೆರೆಗೆ ಡೈಮೆನ್ಷನ್ ಕೊಡಬಹುದು. ಕಿಟಕಿಯ ತಳದಿಂದ ಹತ್ತಿರದ ಸಂದಿಗೆ, ಸೂರಿನಿಂದ ಮೊದಲ ಸಾಲಿಗೆ ಒಂದೊಂದು ಕೊಟ್ಟು ನೋಡಿ. ಸೊನ್ನೆ ಬರಬೇಕಾದಲ್ಲಿ 15 ಬಂದರೆ ಗೋಡೆಯನ್ನೋ ಮಾಡನ್ನೋ ಯಾರೋ ಆಮೇಲೆ ತಿದ್ದಿದ್ದಾರೆ. ಆಕಾರ ಬದಲಿಸಿದಾಗಲೆಲ್ಲ ಹೊಂದಿಕೆಯನ್ನು ಮತ್ತೊಮ್ಮೆ ಪರಿಶೀಲಿಸಿ. ಕೊನೆಗೆ ಮೂಲಬಿಂದುವಿನ ಜಾಗದಲ್ಲಿ ಒಂದು ಬಾಣದ ಗುರುತು ಹಾಕಿ, ‘ಇಲ್ಲಿಂದ ಇಡೀ ಟೈಲ್ಸ್’, ‘ಇಲ್ಲಿಂದ ಮೊದಲ ರೀಪು’ ಎಂದು ಕನ್ನಡದಲ್ಲೇ ಬರೆಯಿರಿ. ಕೆಲಸದ ಜಾಗದಲ್ಲಿ ಹಾಳೆ ಓದುವವರು ಗೆರೆಗಳನ್ನು ಎಣಿಸುತ್ತಾ ನಿಲ್ಲುವುದಿಲ್ಲ, ಬಾಣ ಎಲ್ಲಿದೆಯೋ ಅಲ್ಲಿಂದ ದಾರ ಹಿಡಿಯುತ್ತಾರೆ.